ಪಹಣಿಗುಂಟು ಕಾವಲು, ಮನೆಯ ಕಡತಕ್ಕೆ ಯಾರು?

ಮಂಡ್ಯ, ಮದ್ದೂರು, ಮಳವಳ್ಳಿ – ಯಾವ ತಾಲ್ಲೂಕು ಕಚೇರಿಯ ಎದುರು ನಿಂತರೂ ಕಾಣುವ ದೃಶ್ಯ ಒಂದೇ. ಜೆರಾಕ್ಸ್ ಅಂಗಡಿಯ ಮುಂದೆ ನಾಲ್ಕಾರು ಜನ. ಕೈಯಲ್ಲಿ ಕಾಗದವಿಲ್ಲ, ಮೊಬೈಲ್ ಇದೆ. ‘ಅಣ್ಣಾ, ವಾಟ್ಸ್‌ಆ್ಯಪ್‌ಗೆ ಹಾಕಿವ್ನಿ, ಎರಡು ಪ್ರಿಂಟ್ ಕೊಡಿ’ ಎಂಬ ಮಾತು ಮುಗಿಯುವುದರೊಳಗೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಮಗಳ ಅಂಕಪಟ್ಟಿ ಎಲ್ಲವೂ ಅಂಗಡಿಯ ಕಂಪ್ಯೂಟರ್‌ಗೆ ಇಳಿದಿರುತ್ತವೆ. ಪ್ರಿಂಟ್ ಪಡೆದವರು ಹಣ ಕೊಟ್ಟು ಹೊರಡುತ್ತಾರೆ. ಕಡತ ಅಲ್ಲಿಯೇ ಉಳಿಯುತ್ತದೆ. ಅಂಗಡಿಯವರ ಮನಸ್ಸಿನಲ್ಲಿ ಕೆಡುಕಿರಬೇಕೆಂದೇನೂ ಇಲ್ಲ. ಅದನ್ನು ಅಳಿಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ, ಅಷ್ಟೆ.

ಇದಕ್ಕೆ ಪರಿಹಾರವೆಂದು ಮನೆಯ ಕಲಿತ ಮಕ್ಕಳು ಸೂಚಿಸುವುದು ಕ್ಲೌಡ್ ಸಂಗ್ರಹವನ್ನು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಮೊದಲಾದ ಆ್ಯಪ್‌ಗಳಲ್ಲಿ ಕಾಗದ ಪತ್ರಗಳನ್ನು ಇಟ್ಟುಬಿಟ್ಟರೆ ಎಲ್ಲಿ ಬೇಕಾದರೂ ತೆಗೆಯಬಹುದು, ಯಾರಿಗೆ ಬೇಕಾದರೂ ಕಳುಹಿಸಬಹುದು, ಫೋನ್ ಕಳೆದರೂ ಚಿಂತೆಯಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಇದರಲ್ಲಿ ಮೊದಲೆರಡು ಮಾತು ನಿಜ. ಮೂರನೆಯದು ಅರ್ಧ ಮಾತ್ರ ನಿಜ.

ಮದ್ದೂರಿನಲ್ಲಿ ಮೊದಲಾದದ್ದು

ಮದ್ದೂರು ಎಂದೊಡನೆ ವಡೆ ನೆನಪಾಗುವುದು ಸಹಜ. ಕಂದಾಯ ಇಲಾಖೆಯ ಚರಿತ್ರೆ ಬಲ್ಲವರಿಗೆ ಇನ್ನೊಂದು ಸಂಗತಿಯೂ ನೆನಪಾಗುತ್ತದೆ. ಪಹಣಿಯನ್ನು ಕಂಪ್ಯೂಟರ್‌ಗೆ ತಂದ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಪ್ರಾಯೋಗಿಕವಾಗಿ ಮೊದಲು ಕಾರ್ಯರೂಪಕ್ಕೆ ಬಂದದ್ದು ಮದ್ದೂರು ತಾಲ್ಲೂಕಿನಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡ ಯೋಜನೆ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಹರಡಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಅದಕ್ಕೂ ಮೊದಲು ಅವು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಲೆಕ್ಕಿಗರು ಊರಿನಲ್ಲಿ ಸಿಕ್ಕರೆ ಪಹಣಿ, ಸಿಗದಿದ್ದರೆ ಇಲ್ಲ. ಯೋಜನೆಯ ಆರಂಭದ ವರ್ಷಗಳಲ್ಲಿ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಶುಲ್ಕ ಕೊಟ್ಟರೆ ಮುದ್ರಿತ ಪಹಣಿ ಕೈಸೇರುತ್ತಿತ್ತು.

ಇಂದಿನ ಕ್ಲೌಡ್ ಬಳಕೆದಾರರಿಗೆ ಇದರಲ್ಲಿ ತಿಳಿಯಬೇಕಾದದ್ದು ಕಂಪ್ಯೂಟರ್ ಬಂದ ಸಂಗತಿಯಲ್ಲ, ಅದರೊಂದಿಗೆ ಬಂದ ಕಟ್ಟುಪಾಡು. ದಾಖಲೆಯನ್ನು ಯಾರು ತಿದ್ದಬಹುದು ಎಂಬುದಕ್ಕೆ ಸಿಬ್ಬಂದಿಯ ಬೆರಳಚ್ಚಿನ ಕಾವಲಿತ್ತು. ಖಾತೆ ಬದಲಾವಣೆಯಾಗಬೇಕಾದರೆ ಅರ್ಜಿ, ನೋಟಿಸ್, ತಕರಾರಿಗೆ ಅವಕಾಶ, ಆದೇಶ ಎಂಬ ಹಂತಗಳಿದ್ದವು. ಆದೇಶದ ಪ್ರತಿಯನ್ನು ಸ್ಕ್ಯಾನ್ ಮಾಡಿ ಇಡಲಾಗುತ್ತಿತ್ತು. ಹಳೆಯ ಕೈಬರಹದ ದಾಖಲೆಯಲ್ಲಿದ್ದ ಹೆಸರಿನ ತಪ್ಪು, ವಿಸ್ತೀರ್ಣದ ತಪ್ಪುಗಳು ಕಂಪ್ಯೂಟರ್‌ಗೂ ಬಂದು ಸೇರಿದವು, ಅವುಗಳ ತಿದ್ದುಪಡಿಗೆ ರೈತರು ಇಂದಿಗೂ ಅಲೆಯುತ್ತಾರೆ ಎಂಬುದು ಬೇರೆ ಮಾತು. ಆದರೆ ಯಾರು ನೋಡಬಹುದು, ಯಾರು ತಿದ್ದಬಹುದು, ತಿದ್ದಿದ್ದಕ್ಕೆ ಗುರುತೇನು ಎಂಬ ಪ್ರಶ್ನೆಗಳನ್ನು ಯೋಜನೆ ರೂಪಿಸಿದವರು ಕೇಳಿಕೊಂಡಿದ್ದರು. ಅದೇ ಪಹಣಿಯ ಚಿತ್ರವನ್ನು ಫೋನಿನ ಆ್ಯಪ್‌ಗೆ ಏರಿಸುವ ಕುಟುಂಬ ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಿಕೊಂಡಿರುವುದಿಲ್ಲ.

ಮೋಡವಲ್ಲ, ಬೇರೆಯವರ ಕಂಪ್ಯೂಟರ್

ಕ್ಲೌಡ್ ಎಂಬ ಹೆಸರು ಕೇಳಿ ಕಡತಗಳು ಆಕಾಶದಲ್ಲಿ ತೇಲುತ್ತಿವೆ ಎಂದು ಭಾವಿಸಬೇಕಿಲ್ಲ. ಅವು ಸಂಸ್ಥೆಯೊಂದರ ದತ್ತಾಂಶ ಕೇಂದ್ರದಲ್ಲಿರುವ ಡಿಸ್ಕ್‌ಗಳಲ್ಲಿರುತ್ತವೆ. ಡ್ರಾಪ್‌ಬಾಕ್ಸ್ ಹುಟ್ಟಿದ ಕತೆ ಸ್ವಾರಸ್ಯಕರ. ಅಮೆರಿಕದ ಡ್ರೂ ಹ್ಯೂಸ್ಟನ್ ಎಂಬ ಯುವಕ ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಬಸ್ಸಿನಲ್ಲಿ ಹೊರಟಾಗ ಪೆನ್‌ಡ್ರೈವ್ ಮರೆತು ಬಂದಿದ್ದು ಅರಿವಾಯಿತು. ಆ ಬೇಸರದಲ್ಲೇ ಬಸ್ಸಿನಲ್ಲಿ ಕುಳಿತು ತಂತ್ರಾಂಶ ಬರೆಯತೊಡಗಿದರು. 2007ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಮಂಡ್ಯದಿಂದ ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ಓಡಾಡುವ ಉದ್ಯೋಗಿಗಳಿಗೆ ಈ ಬೇಸರ ಅಪರಿಚಿತವೇನಲ್ಲ. ಗೂಗಲ್ ಡ್ರೈವ್ ಬಂದದ್ದು 2012ರಲ್ಲಿ. ಅದರ ಮರುವರ್ಷದಿಂದ ಜಿಮೇಲ್, ಡ್ರೈವ್, ಫೋಟೊಸ್ ಮೂರಕ್ಕೂ ಸೇರಿ 15 ಜಿಬಿ ಉಚಿತ ಸ್ಥಳದ ವ್ಯವಸ್ಥೆ ಜಾರಿಯಾಯಿತು.

ಇದು ಎಷ್ಟು ಕಾಗದಕ್ಕೆ ಸಾಕು? ಫೋನಿನಲ್ಲಿ ತೆಗೆದ ಒಂದು ಚಿತ್ರ 4 ಎಂಬಿ ಎಂದು ಹಿಡಿದರೂ 15 ಜಿಬಿಯಲ್ಲಿ ಸುಮಾರು 3,800 ಚಿತ್ರಗಳು ಹಿಡಿಸುತ್ತವೆ. ಡ್ರೈವ್ ಆ್ಯಪ್‌ನಲ್ಲಿರುವ ಸ್ಕ್ಯಾನ್ ಸೌಲಭ್ಯ ಬಳಸಿ ಪಿಡಿಎಫ್ ಮಾಡಿಕೊಂಡರೆ ಪುಟವೊಂದಕ್ಕೆ ಇನ್ನೂ ಕಡಿಮೆ ಸಾಕು. ಒಂದು ಕುಟುಂಬದ ಮೂರು ತಲೆಮಾರಿನ ಕ್ರಯಪತ್ರ, ವಿಭಾಗಪತ್ರ, ಅಂಕಪಟ್ಟಿಗಳೆಲ್ಲ ಸೇರಿದರೂ ಈ ಜಾಗ ತುಂಬುವುದಿಲ್ಲ. ತುಂಬುವುದು ಮದುವೆಯ ವಿಡಿಯೊಗಳಿಂದ ಮತ್ತು ಮುಂಜಾನೆಯ ಶುಭೋದಯದ ಚಿತ್ರಗಳಿಂದ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಮೊದಲು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ, 2024ರಿಂದ ಸೇರುತ್ತಿದೆ. ಜಾಗ ತುಂಬಿತೆಂದರೆ ಹೊಸ ಕಡತ ಏರುವುದಿಲ್ಲ ಮಾತ್ರವಲ್ಲ, ಜಿಮೇಲ್‌ಗೆ ಬರಬೇಕಾದ ಅಂಚೆಯೂ ನಿಲ್ಲುತ್ತದೆ. ಕಾಲೇಜಿನ ಸೀಟು ಹಂಚಿಕೆಯ ದಿನಗಳಲ್ಲಿ ಹೀಗಾದರೆ ಆಗುವ ನಷ್ಟವನ್ನು ವಿವರಿಸಬೇಕಿಲ್ಲ.

ಜೊತೆಗೂಡಿಸುವುದು ಬೇರೆ, ಕಾಪಿಡುವುದು ಬೇರೆ

ಕ್ಲೌಡ್ ಬಳಕೆದಾರರಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. ಈ ಆ್ಯಪ್‌ಗಳು ಮೂಲತಃ ಮಾಡುವ ಕೆಲಸ ‘ಸಿಂಕ್’. ಅಂದರೆ ಫೋನ್, ಕಂಪ್ಯೂಟರ್, ಕ್ಲೌಡ್ ಮೂರೂ ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ಒಂದು ಕಡೆ ಹೊಸ ಕಡತ ಸೇರಿದರೆ ಉಳಿದೆಡೆಯೂ ಸೇರುತ್ತದೆ. ಅದೇ ನಿಯಮದಂತೆ ಒಂದು ಕಡೆ ಅಳಿಸಿದರೆ ಉಳಿದೆಡೆಯೂ ಅಳಿಯುತ್ತದೆ. ಬ್ಯಾಕಪ್ ಎಂದರೆ ಹಾಗಲ್ಲ. ಮೂಲ ಹಾಳಾದರೂ, ಅಳಿದರೂ, ಯಾರೋ ತಿದ್ದಿದರೂ ತಾನು ಹಾಳಾಗದೆ ಬೇರೆಡೆ ಉಳಿಯುವ ಪ್ರತಿಯೇ ಬ್ಯಾಕಪ್.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಮಗ ಬೆಂಗಳೂರಿನಲ್ಲಿ, ತಂದೆ ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ. ಇಬ್ಬರ ಫೋನಿಗೂ ಒಂದೇ ಗೂಗಲ್ ಖಾತೆ. ಹೊಸ ಫೋನ್ ಕೊಡಿಸಿದ ದಿನ ಮಗನೇ ಹಾಕಿಕೊಟ್ಟದ್ದು. ಜಮೀನಿನ ಕಾಗದಗಳನ್ನೆಲ್ಲ ಫೋಟೊ ತೆಗೆದು ಇಟ್ಟಾಗಿದೆ. ಫೋನ್ ತುಂಬಿದೆ ಎಂಬ ಸೂಚನೆ ಬಂದೊಡನೆ ತಂದೆ ಹಳೆಯ ಚಿತ್ರಗಳನ್ನು ಗುಡಿಸಿ ಹಾಕುತ್ತಾರೆ. ಅವರ ಲೆಕ್ಕದಲ್ಲಿ ಅಳಿದದ್ದು ತಮ್ಮ ಫೋನಿನಿಂದ ಮಾತ್ರ. ವಾಸ್ತವದಲ್ಲಿ ಗೂಗಲ್ ಫೋಟೊಸ್ ಆ್ಯಪ್‌ನಲ್ಲಿ ಅಳಿಸಿದ ಚಿತ್ರ ಕ್ಲೌಡ್‌ನಿಂದಲೂ ಹೋಗುತ್ತದೆ, ಮಗನ ಫೋನಿನ ಆ್ಯಪ್‌ನಿಂದಲೂ ಮಾಯವಾಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರವಾದರೆ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ; ಡ್ರೈವ್‌ನ ಕಡತಕ್ಕಾದರೆ ಆ ಅವಧಿ 30 ದಿನ. ಅಷ್ಟರೊಳಗೆ ಗಮನಕ್ಕೆ ಬಂದರೆ ಬಚಾವು. ಆದರೆ ಕ್ರಯಪತ್ರವನ್ನು ತಿಂಗಳಿಗೊಮ್ಮೆ ತೆಗೆದು ನೋಡುವವರು ಯಾರಿದ್ದಾರೆ? ಅದು ಬೇಕಾಗುವುದು ಸಾಲದ ಅರ್ಜಿ ಹಾಕುವಾಗ ಅಥವಾ ದಾಯಾದಿಗಳ ವ್ಯಾಜ್ಯ ಎದ್ದಾಗ. ಫೋನಿನ ಜಾಗ ಮಾತ್ರ ಖಾಲಿಯಾಗಬೇಕೆಂದಿದ್ದರೆ ಅದಕ್ಕೆ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯೇ ಆಯ್ಕೆ ಅದೇ ಆ್ಯಪ್‌ನಲ್ಲಿದೆ. ಕ್ಲೌಡ್‌ಗೆ ಸೇರಿರುವ ಚಿತ್ರಗಳನ್ನು ಅದು ಫೋನಿನಿಂದಷ್ಟೇ ತೆಗೆಯುತ್ತದೆ.

ಕಂಪ್ಯೂಟರ್‌ಗೆ ವೈರಸ್ ತಗುಲಿ ಕಡತಗಳು ಕೆಟ್ಟರೂ ಇದೇ ಕತೆ. ಕೆಟ್ಟ ಪ್ರತಿಯೇ ಕ್ಲೌಡ್‌ಗೂ ಏರುತ್ತದೆ. ಹಳೆಯ ಆವೃತ್ತಿಗಳನ್ನು ಡ್ರೈವ್ ಸ್ವಲ್ಪ ಕಾಲ ಉಳಿಸಿಕೊಳ್ಳುತ್ತದೆ ಎಂಬುದೊಂದೇ ಸಮಾಧಾನ.

ಬಳಕೆದಾರರ ತಪ್ಪಿಲ್ಲದೆಯೂ ಕಡತ ಹೋಗಬಹುದು. 2023ರ ನವೆಂಬರ್‌ನಲ್ಲಿ ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ಬಳಕೆದಾರರಲ್ಲಿ ಕೆಲವರಿಗೆ ತಿಂಗಳುಗಟ್ಟಲೆಯ ಕಡತಗಳು ಏಕಾಏಕಿ ಕಾಣದಾದವು. ತೊಂದರೆ ಆ್ಯಪ್‌ನ ಒಂದು ಆವೃತ್ತಿಯಲ್ಲಿತ್ತೆಂದು ಸಂಸ್ಥೆ ಒಪ್ಪಿಕೊಂಡು ಮರಳಿ ಪಡೆಯುವ ದಾರಿ ಸೂಚಿಸಬೇಕಾಯಿತು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ ಬೇರೆಡೆ ಪ್ರತಿ ಇಡದ ಗ್ರಾಹಕರು ಬರಿಗೈಯಾದರು. ಇವೆಲ್ಲಕ್ಕಿಂತ ಕಣ್ಣು ತೆರೆಸುವಂಥದ್ದು ದಕ್ಷಿಣ ಕೊರಿಯಾದ ಪ್ರಕರಣ. 2025ರ ಸೆಪ್ಟೆಂಬರ್ 26ರಂದು ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಚೇರಿಯ ಕಡತ ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಕ್ಲೌಡ್ ಸಂಗ್ರಹ ನಾಶವಾಯಿತು. ಹೋದದ್ದು 858 ಟೆರಾಬೈಟ್. ಅದಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಮುಂಚೂಣಿಯಲ್ಲಿರುವ ದೇಶದ ಸರ್ಕಾರವೇ ಕ್ಲೌಡ್‌ನಲ್ಲಿದೆಯೆಂದು ನೆಮ್ಮದಿಯಾಗಿದ್ದು ಪಟ್ಟ ಪಾಡು ಇದು.

ಹಾಗೆಂದು ಹೆದರಿ ಕ್ಲೌಡ್ ಬಿಡಬೇಕಾಗಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚುರಪಡಿಸಿದ 3-2-1 ಎಂಬ ಸೂತ್ರ ಮನೆಬಳಕೆಗೂ ಒಪ್ಪುತ್ತದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಫೋನಿನಲ್ಲೊಂದು, ಕ್ಲೌಡ್‌ನಲ್ಲೊಂದು ಇದ್ದೇ ಇವೆ. ಮೂರನೆಯದನ್ನು ಪೆನ್‌ಡ್ರೈವ್ ಅಥವಾ ಹೊರ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ ತೆಗೆದಿಟ್ಟರೆ ಸಾಕು. ಅದು ಸಿಂಕ್‌ಗೆ ಒಳಪಡುವುದಿಲ್ಲ, ಆದ್ದರಿಂದ ಒಬ್ಬರ ಬೆರಳಿನ ತಪ್ಪು ಅದನ್ನು ಮುಟ್ಟುವುದಿಲ್ಲ. ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸುವವರಿದ್ದಾರೆ. ಯುಗಾದಿಯೂ ಅದರ ಹಿಂದೆ ಮುಂದೆಯೇ ಬರುತ್ತದೆ. ಹಬ್ಬಕ್ಕೆ ಅಟ್ಟ ಗುಡಿಸುವ ದಿನವೇ ಹಾರ್ಡ್‌ಡಿಸ್ಕ್ ಹೊರತೆಗೆದು, ನಾಲ್ಕು ಕಡತ ತೆರೆದುಕೊಳ್ಳುತ್ತವೆಯೇ ಎಂದು ನೋಡಿ, ವರ್ಷದ ಹೊಸ ಕಾಗದಗಳನ್ನು ಸೇರಿಸಿಬಿಟ್ಟರೆ ನೆನಪಿಟ್ಟುಕೊಳ್ಳುವ ತೊಂದರೆಯೂ ತಪ್ಪುತ್ತದೆ.

ಕೊಂಡಿ ಕೊಟ್ಟರೆ ಬಾಗಿಲು ತೆರೆದಂತೆ

ಹಂಚಿಕೊಳ್ಳುವ ವಿಷಯಕ್ಕೆ ಬಂದರೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಕಡತದ ಪ್ರತಿ ಪಡೆದವರ ಬಳಿ ಉಳಿಯುತ್ತದೆ. ಡ್ರೈವ್‌ನಲ್ಲಿ ಹಂಚಿಕೊಂಡಾಗ ಕಡತ ಮಾಲೀಕರಲ್ಲಿಯೇ ಇರುತ್ತದೆ, ನೋಡುವ ಹಕ್ಕು ಮಾತ್ರ ಇನ್ನೊಬ್ಬರಿಗೆ ಹೋಗುತ್ತದೆ. ಬೇಡವೆನಿಸಿದಾಗ ಆ ಹಕ್ಕನ್ನು ಹಿಂಪಡೆಯಬಹುದು. ನೋಡುವವರು ಅಷ್ಟರೊಳಗೆ ಪ್ರತಿ ಇಳಿಸಿಕೊಂಡಿದ್ದರೆ ಅದಕ್ಕೆ ಮದ್ದಿಲ್ಲ.

ತೊಂದರೆ ಬರುವುದು ಅವಸರದಲ್ಲಿ. ಕಡತ ತೆರೆಯುತ್ತಿಲ್ಲ ಎಂದು ಅತ್ತ ಕಡೆಯವರು ಹೇಳಿದೊಡನೆ ಅನೇಕರು ‘ಕೊಂಡಿ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆಯನ್ನು ಒತ್ತಿಬಿಡುತ್ತಾರೆ. ಆ ಕೊಂಡಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗಿದರೆ ಸಾಗಿದವರಿಗೆಲ್ಲ ಕಡತ ಕಾಣುತ್ತದೆ. ಕೆಲಸ ಮುಗಿದ ಮೇಲೂ ಅದು ತಾನಾಗಿ ಮುಚ್ಚುವುದಿಲ್ಲ. ಸಂಘದ ಸದಸ್ಯರ ಪಟ್ಟಿ, ಶಾಲೆಯ ಹಳೆ ವಿದ್ಯಾರ್ಥಿಗಳ ದೂರವಾಣಿ ಸಂಖ್ಯೆಗಳು, ಮನೆ ಬಾಡಿಗೆ ಕರಾರಿನೊಂದಿಗೆ ಕೊಟ್ಟ ಆಧಾರ್ ಹೀಗೆ ವರ್ಷಗಟ್ಟಲೆ ತೆರೆದಿರುವುದುಂಟು. ಹೆಸರು ಹಿಡಿದು, ಅವರ ಮಿಂಚಂಚೆ ವಿಳಾಸಕ್ಕೆ ಮಾತ್ರ ಹಕ್ಕು ಕೊಡುವುದು ಒಂದು ನಿಮಿಷದ ಹೆಚ್ಚಿನ ಕೆಲಸ, ಅಷ್ಟೆ. ಆಧಾರ್ ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಚಿದ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು. ಇನ್ನು ಜೆರಾಕ್ಸ್ ಅಂಗಡಿಯಲ್ಲಿ ತಮ್ಮ ಗೂಗಲ್ ಖಾತೆಯನ್ನೇ ತೆರೆದು ಪ್ರಿಂಟ್ ತೆಗೆಸಿ, ಮುಚ್ಚದೆ ಎದ್ದು ಬರುವವರು ಇಡೀ ಪೆಟ್ಟಿಗೆಯನ್ನೇ ಅಂಗಡಿಯಲ್ಲಿ ಬಿಟ್ಟು ಬಂದಂತೆ.

ವಾಟ್ಸ್‌ಆ್ಯಪ್ ಮೂಲಕವೇ ಕಳುಹಿಸಬೇಕಾದಾಗಲೂ ಫೋಟೊ ರೂಪದಲ್ಲಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಸಣ್ಣ ಅಕ್ಷರದ ಷರತ್ತು, ಮಸುಕು ಮೊಹರು ಓದಲಾಗುವುದಿಲ್ಲ. ‘ಡಾಕ್ಯುಮೆಂಟ್’ ಎಂದು ಆಯ್ದು ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ.

ಕನ್ನಡದ ಕಡತಕ್ಕೊಂದು ಬೇರೆ ಕಷ್ಟ

ಇಂಗ್ಲಿಷ್ ಕಡತಗಳಿಗಿಲ್ಲದ ಒಂದು ತೊಡಕು ಕನ್ನಡದ ಕಡತಗಳಿಗಿದೆ. ವಕೀಲರ ಕಚೇರಿ, ಪತ್ರ ಬರಹಗಾರರ ಮೇಜು, ಸಹಕಾರ ಸಂಘ, ಮುದ್ರಣಾಲಯ ಇಲ್ಲೆಲ್ಲ ದಶಕಗಳಿಂದ ಬಳಕೆಯಲ್ಲಿರುವುದು ನುಡಿ ಮತ್ತು ಬರಹ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಇವುಗಳ ಹಳೆಯ ಪದ್ಧತಿಯಲ್ಲಿ ಬೆರಳಚ್ಚು ಮಾಡಿದ ಕಡತದೊಳಗೆ ವಾಸ್ತವವಾಗಿ ಉಳಿಯುವುದು ಕನ್ನಡದ ಅಕ್ಷರವಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದರ ಮೇಲೆ ಕನ್ನಡದ ರೂಪ ತೊಡಿಸುವುದು ಆ ಕಂಪ್ಯೂಟರಿನಲ್ಲಿರುವ ಫಾಂಟ್. ಕಡತವನ್ನು ಡ್ರೈವ್‌ಗೆ ಏರಿಸಿ ಫೋನಿನಲ್ಲಿ ತೆರೆದರೆ ಅಲ್ಲಿ ಆ ಫಾಂಟ್ ಇರುವುದಿಲ್ಲ. ಕರಾರುಪತ್ರದ ಬದಲು ತಲೆಬುಡವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿದವರೂ ಇದ್ದಾರು.

ಕಡತ ಕೆಟ್ಟಿರುವುದಿಲ್ಲ. ಬೆರಳಚ್ಚು ಮಾಡಿದ ಕಂಪ್ಯೂಟರಿನಲ್ಲೇ ಅದನ್ನು ಪಿಡಿಎಫ್ ಆಗಿ ಪರಿವರ್ತಿಸಿಕೊಂಡರೆ ಫಾಂಟ್ ಕಡತದೊಳಗೇ ಸೇರಿಕೊಳ್ಳುತ್ತದೆ, ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಆದರೂ ಹುಡುಕಾಟಕ್ಕೆ ಅದು ಒಗ್ಗುವುದಿಲ್ಲ. ಡ್ರೈವ್‌ನಲ್ಲಿ ‘ವಿಭಾಗಪತ್ರ’ ಎಂದು ಬರೆದು ಹುಡುಕಿದರೆ ಸಿಗದು. ಶಾಶ್ವತ ಪರಿಹಾರವೆಂದರೆ ಯೂನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ನುಡಿ, ಬರಹಗಳ ಈಚಿನ ಆವೃತ್ತಿಗಳೂ ಅದನ್ನು ಬೆಂಬಲಿಸುತ್ತವೆ. ಪತ್ರ ಬರೆಸುವಾಗಲೇ ಯೂನಿಕೋಡ್‌ನಲ್ಲಿ ಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹಳೆಯ ಕಡತವನ್ನು ಪರಿವರ್ತಿಸಲು ಅಂತರಜಾಲದಲ್ಲಿ ಉಚಿತ ಪರಿವರ್ತಕಗಳಿವೆ. ಆಸ್ತಿಯ ಕರಾರನ್ನು ಗೊತ್ತಿಲ್ಲದ ಜಾಲತಾಣಕ್ಕೆ ಅಂಟಿಸುವುದು ವಿವೇಕವಲ್ಲ. ಮುದ್ರಿತ ಕನ್ನಡ ಪುಟದ ಚಿತ್ರವನ್ನು ಡ್ರೈವ್‌ನಿಂದ ಗೂಗಲ್ ಡಾಕ್ಸ್ ಮೂಲಕ ತೆರೆದರೆ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಸೌಲಭ್ಯವೂ ಇದೆ. ಅಚ್ಚಿನ ಪುಟಗಳಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಶಾನುಭೋಗರ ಕಾಲದ ಮೋಡಿಯ ಕೈಬರಹವನ್ನು ಅದರಿಂದ ಓದಿಸುವ ಆಸೆ ಬೇಡ.

ಸ್ಕ್ಯಾನ್ ಪ್ರತಿಗೆ ಕಾನೂನಿನ ಬೆಲೆ ಎಷ್ಟು?

2015ರ ಜುಲೈ 1ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಡಿಜಿಲಾಕರ್ ಮತ್ತು ಡ್ರೈವ್ ಎರಡೂ ಒಂದೇ ಎಂದು ತಿಳಿದವರಿದ್ದಾರೆ. ಹಾಗಲ್ಲ. ಡಿಜಿಲಾಕರ್‌ನಲ್ಲಿ ಎರಡು ಬಗೆಯ ಕಡತಗಳಿರುತ್ತವೆ. ಚಾಲನಾ ಪರವಾನಗಿ, ವಾಹನದ ಆರ್‌ಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಇಲಾಖೆ ಅಥವಾ ಮಂಡಳಿಯಿಂದ ನೇರವಾಗಿ ಬರುವ ‘ವಿತರಿಸಿದ’ ದಾಖಲೆಗಳು ಒಂದು ಬಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ ನಿಯಮಗಳ ಪ್ರಕಾರ ಇವು ಮೂಲ ದಾಖಲೆಗೆ ಸಮ. ಬಳಕೆದಾರರೇ ಏರಿಸಿದ ಚಿತ್ರಗಳು ಇನ್ನೊಂದು ಬಗೆ. ಅವು ಎಲ್ಲಿಟ್ಟರೂ ಬರಿಯ ಪ್ರತಿ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ‘ವಿತರಿಸಿದ’ ವಿಭಾಗದಲ್ಲಿ ಸಿಗುವುದಾದರೆ ಅದನ್ನು ಫೋಟೊ ತೆಗೆದು ಡ್ರೈವ್‌ನಲ್ಲಿಡುವುದಕ್ಕಿಂತ ಅಲ್ಲಿಂದ ತೋರಿಸುವುದೇ ಮೇಲು.

ಆಸ್ತಿ ಪತ್ರಗಳ ವಿಷಯ ಬೇರೆ. ಕ್ರಯಪತ್ರದ ಸ್ಕ್ಯಾನ್ ಪ್ರತಿ ಎಷ್ಟೇ ಸ್ಪಷ್ಟವಾಗಿರಲಿ, ಅಡಮಾನ ಸಾಲ ಕೊಡುವ ಬ್ಯಾಂಕ್ ಕೇಳುವುದು ಮೂಲ ಪತ್ರವನ್ನೇ. ಕ್ಲೌಡ್ ಪ್ರತಿ ಇಲ್ಲಿ ಉಪಯೋಗಕ್ಕೆ ಬರುವುದು ಇನ್ನೊಂದು ರೀತಿಯಲ್ಲಿ. ಪೆಟ್ಟಿಗೆಗೆ ಗೆದ್ದಲು ಹತ್ತಿ ಮೂಲ ಹಾಳಾದರೆ ನೋಂದಣಿ ಸಂಖ್ಯೆ, ವರ್ಷ, ಕಚೇರಿಯ ಹೆಸರು ಆ ಪ್ರತಿಯಲ್ಲಿರುತ್ತವೆ. ಅವುಗಳನ್ನು ಹಿಡಿದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುವ ‘ಭೂ ಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ ಕೈಗೆತ್ತಿಕೊಂಡಿರುವುದಕ್ಕೂ ಕಾರಣ ಇಂಥದ್ದೇ: ಹಳೆಯ ಕಾಗದ ಪುಡಿಯಾಗುತ್ತದೆ, ಕಾಣೆಯಾಗುತ್ತದೆ, ಕೆಲವೊಮ್ಮೆ ತಿದ್ದಿಸಿಕೊಳ್ಳುತ್ತದೆ.

ಬೀಗದ ಕೈ ಯಾರಲ್ಲಿ?

ಕಡತ ಎಷ್ಟೇ ಭದ್ರವಾಗಿರಲಿ, ಖಾತೆ ತೆರೆಯಲಾಗದಿದ್ದರೆ ಅದು ಇದ್ದೂ ಇಲ್ಲದಂತೆ. ಪಾಸ್‌ವರ್ಡ್ ಮರೆತಿದ್ದು, ಒಟಿಪಿ ಬರಬೇಕಾದ ಸಿಮ್ ಕಳೆದ ಫೋನಿನೊಂದಿಗೇ ಹೋಗಿದ್ದರೆ ಖಾತೆಯ ಬಾಗಿಲು ತಟ್ಟುತ್ತ ಕುಳಿತಿರಬೇಕಾಗುತ್ತದೆ. ಎರಡು ಹಂತದ ದೃಢೀಕರಣ ಹಾಕಿಕೊಂಡವರಿಗೆ ಗೂಗಲ್ 10 ಬ್ಯಾಕಪ್ ಸಂಕೇತಗಳನ್ನು ಕೊಡುತ್ತದೆ. ಒಂದೊಂದೂ ಎಂಟು ಅಂಕಿಯದು, ಒಮ್ಮೆ ಮಾತ್ರ ಬಳಸುವಂಥದು. ಅವನ್ನು ಫೋನಿನಲ್ಲೇ ಇಟ್ಟುಕೊಂಡರೆ ಫೋನಿನೊಂದಿಗೇ ಹೋಗುತ್ತವೆ. ಕಾಗದದ ಮೇಲೆ ಬರೆದು ಮೂಲ ಪತ್ರಗಳಿರುವ ಪೆಟ್ಟಿಗೆಯಲ್ಲೇ ಇಡುವುದು ಒಳ್ಳೆಯದು. ಕಾಗದವನ್ನು ಬಿಟ್ಟು ಹೊರಟವರು ಕೊನೆಗೆ ಕಾಗದಕ್ಕೇ ಮರಳುವುದು ಸೋಜಿಗವೆನಿಸಬಹುದು.

ಖಾತೆ ತೆರೆದವರೇ ಇಲ್ಲವಾದರೆ? ಜಮೀನು ಉತ್ತರಾಧಿಕಾರಿಗಳಿಗೆ ಹೋಗಲು ಪೌತಿ ಖಾತೆ ಎಂಬ ವ್ಯವಸ್ಥೆಯಿದೆ. ಗೂಗಲ್ ಖಾತೆಗೆ ಅಂಥದ್ದು ತಾನಾಗಿ ಆಗುವುದಿಲ್ಲ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಅದರೊಳಗಿನ ಕಡತಗಳ ಸಮೇತ ಅಳಿಸಿಹಾಕುವ ಕ್ರಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಇದಕ್ಕೆ ಮುಂಜಾಗ್ರತೆಯಾಗಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಸೌಲಭ್ಯ 2013ರಿಂದಲೂ ಇದೆ. 3 ತಿಂಗಳಿಂದ 18 ತಿಂಗಳವರೆಗೆ ಒಂದು ಅವಧಿಯನ್ನು ಆರಿಸಿ, ಅಷ್ಟು ಕಾಲ ಖಾತೆ ನಿಷ್ಕ್ರಿಯವಾಗಿದ್ದರೆ ಯಾರಿಗೆ ತಿಳಿಸಬೇಕು, ಯಾವ ಕಡತಗಳನ್ನು ಅವರು ಪಡೆಯಬಹುದು ಎಂದು ಮೊದಲೇ ನಮೂದಿಸಬಹುದು. 10 ಜನರವರೆಗೆ ಹೆಸರಿಸಲು ಅವಕಾಶವಿದೆ. ಹೆಸರಿಸಿದವರ ದೂರವಾಣಿ ಸಂಖ್ಯೆಯನ್ನೂ ಅದರಲ್ಲಿ ಕೊಡಬೇಕಾಗುತ್ತದೆ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿ ಸಂಖ್ಯೆ ಬದಲಿಸಿದ್ದರೆ ಅಲ್ಲಿಯೂ ಬದಲಿಸಬೇಕು.